ಉಂಡು ಮಲಗಿದರೂ ಮುಗಿಯದ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ನನ್ನ ಮದುವೆಯ ದಿನ ಸೋದರತ್ತೆ ಕಿವಿಯಲ್ಲಿ ಉಸುರಿದ್ದೂ ಇದನ್ನೇ. ಆದರೆ ಓದುಗ ಸೋದರಿಯರೇ, ಉಂಡದ್ದೂ ಆಯಿತು, ಮಲಗಿದ್ದೂ ಆಯಿತು, ಬೆಳಗ್ಗೆ ಎದ್ದು ನೋಡಿದರೆ ಜಗಳ ಇನ್ನೂ ಅಲ್ಲೇ ಕೂತಿದೆ ಅನ್ನಿ. ಆಗೇನು ಮಾಡೋದು? ಅದಕ್ಕೆ ನಮ್ಮ ಹಿರಿಯರು ಗಾದೆ ಕಟ್ಟಿಲ್ಲ. ನಮ್ಮ ಮನೆಯಲ್ಲಿ ಒಂದು ಜಗಳ ಹಾಗೆ ಹನ್ನೊಂದು ತಿಂಗಳು ಕೂತಿತ್ತು. ಅದು ಎದ್ದು ಹೋದ ಕಥೆಯನ್ನು ನಿಮ್ಮ ಮುಂದೆ ಹೇಳಬೇಕೆನಿಸಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಎಸ್.ಎಸ್.ಎಲ್.ಸಿ. ಪಾಸಾದವಳು. ದಾವಣಗೆರೆಯಲ್ಲಿ ಸಂಸಾರ. ನಮ್ಮವರದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಒಬ್ಬಳೇ ಮಗಳು, ಆಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಇವರು ಕುಡಿಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ, ಕೈ ಎತ್ತಿದವರಂತೂ ಅಲ್ಲವೇ ಅಲ್ಲ. "ಇಂಥಾ ಗಂಡನ್ನ ಇಟ್ಕೊಂಡು ನಿನಗೇನೇ ಕೊರತೆ?" ಎಂದು ಯಾರಾದರೂ ಕೇಳಿದ್ದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಮಾತಿಲ್ಲ, ಅಷ್ಟೇ.

2022ರ ಜುಲೈಯಲ್ಲಿ ನನ್ನ ತಾಯಿ ತೀರಿಕೊಂಡರು. ತವರು ಚಿತ್ರದುರ್ಗದ ಹತ್ತಿರದ ಹಳ್ಳಿ. ಇವರು ಮಣ್ಣಿಗೆ ಬಂದರು, ಸಂಜೆಯ ಬಸ್ಸಿಗೆ ಹೊರಟೇ ಹೋದರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದು ಉಂಡು ಎದ್ದವರೇ ಮತ್ತೆ ಬಸ್ಸು. ನಡುವಿನ ದಿನಗಳಲ್ಲಿ 'ಹೇಗಿದ್ದೀಯ' ಎಂಬ ಒಂದು ಫೋನಿಲ್ಲ. ತಾಯಿ ಸತ್ತ ದುಃಖಕ್ಕಿಂತ ಇದರ ಉರಿಯೇ ನನಗೆ ಹೆಚ್ಚಾಯಿತು. ಇಪ್ಪತ್ತು ವರ್ಷ 'ಅಳಿಯಂದಿರು ಬಂದರು' ಎಂದು ಹೋಳಿಗೆ ತಟ್ಟಿದವಳು ನಮ್ಮಮ್ಮ. ಅವಳಿಗೆ ಒಂದು ರಾತ್ರಿಯ ಬೆಲೆ ಇಲ್ಲವಾಯಿತೇ?

ಊರಿಗೆ ಮರಳಿದ ಮೇಲೆ ನಾನು ಮಾತು ನಿಲ್ಲಿಸಿದೆ. ಇವರೂ ಯಾಕೆ ಎಂದು ಕೇಳಲಿಲ್ಲ. ಅದು ಇನ್ನೊಂದು ಉರಿ. ಊಟಕ್ಕೆ ಬಡಿಸಿ ತಟ್ಟೆ ಸದ್ದು ಮಾಡಿದರೆ ಅದೇ ಕರೆ. ನಗಬೇಡಿ, ಮನೆಯಲ್ಲಿ ಗ್ಯಾಸ್ ಮುಗಿದರೆ ನಾನು ಮೈಸೂರಿಗೆ ಫೋನ್ ಮಾಡಿ ಮಗಳಿಗೆ ಹೇಳುತ್ತಿದ್ದೆ. ಅವಳು ಅಲ್ಲಿಂದ ದಾವಣಗೆರೆಯ ಅಂಗಡಿಗೆ ಫೋನ್ ಮಾಡಿ ಅಪ್ಪನಿಗೆ ಹೇಳುತ್ತಿದ್ದಳು. ಸಂಜೆ ಸಿಲಿಂಡರ್ ಬರುತ್ತಿತ್ತು. ಹೀಗೆ ಒಂದು ಸಂಸಾರ ಹನ್ನೊಂದು ತಿಂಗಳು ನಡೆಯಿತು ಎಂದರೆ ನಂಬುತ್ತೀರಾ?

ಮಗಳು ಬೇಸಿಗೆ ರಜಕ್ಕೆ ಬಂದಾಗ ಒಂದು ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮಾ, ನಿಮ್ಮಿಬ್ಬರ ಪೋಸ್ಟ್‌ಮ್ಯಾನ್ ಕೆಲಸ ನಾನು ಬಿಡ್ತೀನಿ. ನನ್ನ ಮದುವೆ ಮಾತು ಎತ್ತಬೇಡಿ. ಮದುವೆ ಅಂದ್ರೆ ಇದೇ ಆದ್ರೆ ನನಗೆ ಬೇಡ. ನೀವಿಬ್ಬರೂ ಯಾರಾದರೂ ತಿಳಿದವರ ಹತ್ತಿರ ಹೋಗಿ ಬರೋ ತನಕ ನಾನು ರಜಕ್ಕೂ ಬರಲ್ಲ." ಅವಳ ಕಾಲೇಜಿನಲ್ಲಿ ಆಪ್ತಸಲಹೆಗಾರರಿದ್ದರಂತೆ. ಅವರನ್ನು ಕೇಳಿ ನಮ್ಮ ಊರಿನಲ್ಲೇ ಇರುವ ಒಬ್ಬ ಮನಶ್ಶಾಸ್ತ್ರಜ್ಞೆಯ ಹೆಸರು ಬರೆದುಕೊಂಡು ಬಂದಿದ್ದಳು. "ನಮಗೇನು ಹುಚ್ಚಾ?" ಎಂದರು ಇವರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಹನ್ನೊಂದು ತಿಂಗಳಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು! ಆದರೂ ಮಗಳ ಹಟಕ್ಕೆ ಹೋದೆವು.

ಆಕೆಯನ್ನು ನಾವು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದೆವು. ಮಾತ್ರೆ ಕೊಡುವವರಲ್ಲ. ಮೊದಲ ದಿನ ಇಬ್ಬರನ್ನೂ ಕೂಡಿಸಿ ಕೇಳಿದರು, ಆಮೇಲೆ ಒಬ್ಬೊಬ್ಬರನ್ನೇ ಕರೆದರು. ನನ್ನೊಬ್ಬಳನ್ನೇ ಕೂಡಿಸಿ, "ಮನೆಯಲ್ಲಿ ಅವರೆಂದರೆ ನಿಮಗೆ ಭಯವಿದೆಯಾ? ಹೊಡೆದಿದ್ದಾರಾ?" ಎಂದು ನೇರವಾಗಿ ಕೇಳಿದರು. ಇಲ್ಲವೆಂದೆ. ಹೌದು ಎಂದಿದ್ದರೆ ನಮ್ಮಿಬ್ಬರನ್ನು ಒಟ್ಟಿಗೆ ಕೂಡಿಸುತ್ತಿರಲಿಲ್ಲವಂತೆ. ಇದು ಮುಖ್ಯವಾದ ಮಾತು, ಮುಂದೆ ಹೇಳುತ್ತೇನೆ.

ಈ ಚಿಕಿತ್ಸೆಗೆ ಅರಿವಿನ ವರ್ತನಾ ಚಿಕಿತ್ಸೆ ಎಂದು ಹೆಸರು. ಡಾಕ್ಟರುಗಳು ಸಿ.ಬಿ.ಟಿ. ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸಣ್ಣದು. ಒಂದು ಸಂಗತಿ ನಡೆಯುತ್ತದೆ. ಅದಕ್ಕೆ ನಮ್ಮ ಮನಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಅರ್ಥ ಕಟ್ಟುತ್ತದೆ. ನಮಗೆ ದುಃಖವೋ ಸಿಟ್ಟೋ ಬರುವುದು ಸಂಗತಿಯಿಂದ ಎಷ್ಟೋ, ಆ ಅರ್ಥದಿಂದಲೂ ಅಷ್ಟೇ. ಆ ಸಿಟ್ಟಿನಲ್ಲಿ ನಾವೊಂದು ಮಾಡುತ್ತೇವೆ. ಅದಕ್ಕೆ ಎದುರಿನವರು ತಮ್ಮದೊಂದು ಅರ್ಥ ಕಟ್ಟುತ್ತಾರೆ. ಹೀಗೆ ಗಾಣ ತಿರುಗುತ್ತದೆ. ಅಮೆರಿಕದ ಏರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಾ ಇದನ್ನು ಗುರುತಿಸಿದರಂತೆ. 1988ರಲ್ಲಿ ಗಂಡ ಹೆಂಡಿರಿಗಾಗಿಯೇ ಒಂದು ಪುಸ್ತಕ ಬರೆದರು. ಮದುವೆಗೆ ಪ್ರೀತಿಯೊಂದೇ ಸಾಲದು ಎಂಬುದೇ ಅದರ ಹೆಸರಿನ ಅರ್ಥ. ನೂರು ವರ್ಷ ಬದುಕಿ 2021ರಲ್ಲಿ ತೀರಿಕೊಂಡರು.

ನಡವಳಿಕೆಯ ಕಡೆಯಿಂದ ಕೆಲಸ ಮಾಡಿದವರು ಬೇರೆ. ರಿಚರ್ಡ್ ಸ್ಟುವರ್ಟ್ ಎಂಬವರು 1969ರಲ್ಲಿ ನಾಲ್ಕು ಜೋಡಿಗಳ ಮೇಲೆ ಒಂದು ಪ್ರಯೋಗ ಬರೆದರು. ಗಂಡ ಹೆಂಡತಿಯ ಜೊತೆ ಕೂತು ಮಾತಾಡಿದರೆ ಟೋಕನ್! ಡಾಕ್ಟರಮ್ಮ ಇದನ್ನು ಹೇಳಿದಾಗ ನಮ್ಮವರ ಮುಖ ನೋಡಬೇಕಿತ್ತು. ಈಗ ಟೋಕನ್ನು ಗೀಕನ್ನು ಇಲ್ಲ, ಹೆದರಬೇಡಿ ಎಂದರು. ಆದರೆ ಪ್ರೀತಿ ಬರಲಿ ಆಮೇಲೆ ಮಾಡೋಣ ಎಂದು ಕಾಯದೆ, ಮೊದಲು ಮಾಡಿ ನೋಡುವುದು ಎಂಬ ಸೂತ್ರ ಅಲ್ಲಿಂದಲೇ ಬಂದದ್ದು.

ನಮಗೆ ಮೊದಲು ಕೊಟ್ಟ ಮನೆಕೆಲಸ ಒಂದು ನೋಟ್‌ಬುಕ್ಕು. ಇಬ್ಬರಿಗೂ ಬೇರೆ ಬೇರೆ. ಹಾಳೆಗೆ ನಾಲ್ಕು ಗೆರೆ ಎಳೆಯಬೇಕು. ಏನು ನಡೆಯಿತು? ಆಗ ತಲೆಯಲ್ಲಿ ಬಂದ ಮಾತು ಯಾವುದು? ಏನು ಅನ್ನಿಸಿತು? ಆ ಮಾತಿಗೆ ಸಾಕ್ಷಿ ಏನು, ಬೇರೆ ಕಾರಣ ಇರಬಹುದಾ? ನಾನು ಬರೆದ ಮೊದಲ ಹಾಳೆ ಹೀಗಿತ್ತು. ನಡೆದದ್ದು: ಇವರು ರಾತ್ರಿ ಒಂಬತ್ತೂವರೆಗೆ ಬಂದರು, ಹೇಳಿರಲಿಲ್ಲ. ತಲೆಯಲ್ಲಿ ಬಂದದ್ದು: ನಾನು ಮನೆಯಲ್ಲಿ ಸತ್ತು ಬಿದ್ದಿದ್ದರೂ ಇವರಿಗೆ ಗೊತ್ತಾಗೋದಿಲ್ಲ. ಅನ್ನಿಸಿದ್ದು: ಉರಿ. ಸಾಕ್ಷಿಯ ಕಡೆ ಖಾಲಿ. "ಸಾಕ್ಷಿ ಏನು?" ಎಂದು ಡಾಕ್ಟರಮ್ಮ ಕೇಳಿದರು. "ಇಪ್ಪತ್ತನಾಲ್ಕು ವರ್ಷದಿಂದ ನೋಡ್ತಿದ್ದೀನಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದೆ. "ಅದು ತೀರ್ಪು, ಸಾಕ್ಷಿ ಅಲ್ಲ" ಎಂದರು. ಅವರನ್ನೇ ಕೇಳಿ ನೋಡಿ ಎಂದರು. ಕೇಳಿದೆ. ಹಳ್ಳಿಯ ರೈತರೊಬ್ಬರ ಮೋಟರು ಸುಟ್ಟಿತ್ತಂತೆ, ಬೆಳೆ ಒಣಗುವ ಹೊತ್ತು, ಬಿಡಿಭಾಗ ಹುಡುಕಿ ಕೊಟ್ಟು ಬರುವಷ್ಟರಲ್ಲಿ ತಡವಾಯಿತಂತೆ. ಫೋನ್ ಮಾಡಬಹುದಿತ್ತು, ಅದೂ ನಿಜ.

ಇವರ ನೋಟ್‌ಬುಕ್ಕನ್ನು ಮೂರನೆಯ ಸಲ ಹೋದಾಗ ಓದಿಸಿದರು. ಅಂಗಡಿಯ ಬಿಲ್ಲಿನ ಹಾಗೆ ಚುಟುಕಾಗಿ ಬರೆದಿದ್ದರು. 'ತಟ್ಟೆ ಕುಕ್ಕಿದಳು. ಏನು ಮಾಡಿದರೂ ತಪ್ಪು. ಸುಮ್ಮನಿದ್ದರೆ ಜಗಳವಾದರೂ ಇರೋದಿಲ್ಲ.' ನನಗೆ ಎದೆ ಧಸಕ್ಕೆಂದಿತು. ಇವರ ಮೌನವನ್ನು ನಾನು ಸೊಕ್ಕು ಎಂದು ಓದಿಕೊಂಡಿದ್ದೆ. ಅದು ಹೆದರಿಕೆಯಾಗಿತ್ತು. ನಾನು ಉತ್ತರಕ್ಕಾಗಿ ಹಿಂದೆ ಬೀಳುತ್ತೇನೆ, ಇವರು ಹಿಂದೆ ಸರಿಯುತ್ತಾರೆ. ಇವರು ಸರಿದಷ್ಟೂ ನನ್ನ ದನಿ ಏರುತ್ತದೆ, ನನ್ನ ದನಿ ಏರಿದಷ್ಟೂ ಇವರು ಅಂಗಡಿಗೆ ಓಡುತ್ತಾರೆ. ಇದು ನಮ್ಮ ಮನೆಯದೊಂದೇ ಕಥೆಯಲ್ಲವಂತೆ, ಲೋಕದ ತುಂಬ ಇರುವ ಕಥೆಯಂತೆ. ಅದನ್ನು ಕೇಳಿಯೇ ನನಗೆ ಅರ್ಧ ಹಗುರವಾಯಿತು.

ಎಲ್ಲಾ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಮರುವಾರವೇ ಇವರು ನೋಟ್‌ಬುಕ್ಕನ್ನು ಅಂಗಡಿಯಲ್ಲಿ ಮರೆತು ಬಂದರು. ನಾನು ನನ್ನದನ್ನು ಅಟ್ಟಕ್ಕೆ ಎಸೆದೆ. ಇಬ್ಬರೂ ಬರಿಗೈಲಿ ಹೋದೆವು. ಡಾಕ್ಟರಮ್ಮ ಬೈಯಲಿಲ್ಲ. "ವಾರಕ್ಕೆ ಒಂದು ಗಂಟೆ ನನ್ನ ಮುಂದೆ ಕೂತರೆ ಏನೂ ಆಗೋದಿಲ್ಲ. ಉಳಿದ ಗಂಟೆಗಳಲ್ಲಿ ನೀವು ಮನೆಯಲ್ಲಿ ಏನು ಮಾಡ್ತೀರಿ ಅನ್ನೋದರಲ್ಲೇ ಚಿಕಿತ್ಸೆ ಇರೋದು" ಎಂದರು.

ಆ ದಿನ ಒಂದು ಆಟದಂಥ ಕೆಲಸ ಮಾಡಿಸಿದರು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಉತ್ತರ ಕೊಡಬಾರದು, ಸಮರ್ಥಿಸಿಕೊಳ್ಳಬಾರದು. ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. "ಹೌದು, ಅದನ್ನೇ ಹೇಳಿದ್ದು" ಎಂದು ಮೊದಲಿನವರು ಒಪ್ಪಿದ ಮೇಲೆ ಸರದಿ ಬದಲಾಗುತ್ತದೆ. ನಾನು ಅಮ್ಮನ ಸಾವಿನ ದಿನದ ಮಾತು ತೆಗೆದೆ. ಹನ್ನೊಂದು ತಿಂಗಳ ಗಂಟು ಬಿಚ್ಚಿ ಅತ್ತೆ. ಇವರು ತಡವರಿಸುತ್ತಾ ತಿರುಗಿ ಹೇಳಿದರು: "ಅಮ್ಮ ಹೋದ ರಾತ್ರಿ ನಾನು ಪಕ್ಕದಲ್ಲಿರಬೇಕಿತ್ತು. ಇಲ್ಲದ್ದಕ್ಕೆ ನಿನಗೆ ದಿಕ್ಕಿಲ್ಲ ಅನ್ನಿಸ್ತು." ಆ ಒಂದು ವಾಕ್ಯ ಕೇಳಲು ನಾನು ಎಷ್ಟು ರಾತ್ರಿ ಕಾದಿದ್ದೆ ಗೊತ್ತೇ?

ಆಮೇಲೆ ಇವರ ಸರದಿ. ಮಣ್ಣು ಮುಗಿಸಿ ಬಂದು ಇವರು ಜಗುಲಿಯಲ್ಲಿ ಕಾಲು ತೊಳೆಯುತ್ತಿದ್ದರಂತೆ. ಒಳಗೆ ನಮ್ಮಣ್ಣ "ಭಾವ ಇವತ್ತು ಇರ್ತಾರಲ್ಲ?" ಎಂದು ಕೇಳಿದ. ನಾನು ಹೇಳಿದೆನಂತೆ, "ಅವರೆಲ್ಲಿ ಇರ್ತಾರೆ, ಅವರಿಗೆ ಅಂಗಡಿಯೇ ದೇವರು." ಅಷ್ಟೂ ನೆಂಟರ ಮುಂದೆ. ಇವರು ಇರುವುದೆಂದೇ ಬಂದಿದ್ದರು, ಚೀಲದಲ್ಲಿ ಎರಡು ದಿನದ ಬಟ್ಟೆ ಇತ್ತು. 'ಇವಳಿಗೆ ನಾನು ಇರೋದು ಬೇಕಿಲ್ಲ' ಎಂದುಕೊಂಡು ಚೀಲ ತೆಗೆದುಕೊಂಡು ಹೊರಟರು. ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ! ಆದರೆ ಆಡಿರಲಾರೆ ಎಂದು ಹೇಳಲು ಬಾಯಿ ಬರಲಿಲ್ಲ. ಹಾಗೆ ಕುಟುಕುವುದು ನನ್ನ ಅಭ್ಯಾಸ. ಅದನ್ನು ನಾನು ತಿರುಗಿ ಹೇಳಬೇಕಿತ್ತು, ಹೇಳಿದೆ. ಗಂಟಲು ಕಟ್ಟಿತ್ತು.

ಹಾಗಾದರೆ ತಪ್ಪೆಲ್ಲ ನನ್ನದೇ, ನನ್ನ ಯೋಚನೆಯೇ ತಪ್ಪು ಎಂದಾಯಿತೇ? ಈ ಪ್ರಶ್ನೆ ನಿಮಗೂ ಬಂದಿರಬೇಕು. ನಾನು ಸಿಟ್ಟಿನಿಂದಲೇ ಕೇಳಿದೆ. ಡಾಕ್ಟರಮ್ಮ ಹೇಳಿದರು: "ಇಲ್ಲ. ನಿಮ್ಮ ನೋವು ಸುಳ್ಳಲ್ಲ. ಅವರು ಹೊರಟದ್ದು ನಿಜ, ಫೋನ್ ಮಾಡದ್ದು ನಿಜ. 'ಅಮ್ಮನಿಗೆ ಬೆಲೆ ಕೊಡಲಿಲ್ಲ' ಅನ್ನುವುದಷ್ಟೇ ಊಹೆ." ಇವರೂ ಆ ದಿನ "ಮಾತು ಏನೇ ಇರಲಿ, ನಾನು ಇರಬೇಕಿತ್ತು, ತಪ್ಪಾಯ್ತು" ಎಂದರು. ಅನುಸರಿಸಿಕೊಂಡು ಹೋಗಮ್ಮ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಇದು ಅದಲ್ಲ ನೋಡಿ. ಅಲ್ಲಿ ಹೆಂಗಸೊಬ್ಬಳೇ ನುಂಗಬೇಕು. ಇಲ್ಲಿ ಇಬ್ಬರೂ ತಂತಮ್ಮ ಮಾತಿಗೆ ಸಾಕ್ಷಿ ತರಬೇಕು. ನನ್ನ ನೋಟ್‌ಬುಕ್ಕಿನ ಲೆಕ್ಕ ಹೇಳಲೇ? ಹತ್ತು ಊಹೆಗಳಲ್ಲಿ ಆರು ಸುಳ್ಳಾದವು, ನಾಲ್ಕು ನಿಜವೇ ಆದವು. ನಿಜವಾದ ನಾಲ್ಕಕ್ಕೆ ಬೇರೆ ಮದ್ದು. ಒಂದೊಂದೇ ಸಮಸ್ಯೆಯನ್ನು ಹಿಡಿದು, ಇಬ್ಬರೂ ತೋಚಿದ ದಾರಿಗಳನ್ನೆಲ್ಲ ಬರೆದು, ಒಂದನ್ನು ಆರಿಸಿ, ಒಂದು ವಾರ ಮಾಡಿ ನೋಡಿ, ಮತ್ತೆ ಕೂತು ಲೆಕ್ಕ ಹಾಕುವುದು. ಎಂಟು ಗಂಟೆ ದಾಟಿದರೆ ಫೋನ್ ಮಾಡುವುದು ಎಂಬುದು ಹಾಗೆ ಬಂತು. ನೆಂಟರ ಮುಂದೆ ಕುಟುಕುವುದಿಲ್ಲ ಎಂಬುದು ನನ್ನ ಕಡೆಯಿಂದ.

ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಎದುರಿನವರು ಏನು ಮಾಡಿದರೆ ನಮಗೆ ಸಂತೋಷ ಎಂದು ಇಬ್ಬರೂ ಪಟ್ಟಿ ಮಾಡಬೇಕು. ದೊಡ್ಡದು ಕೂಡದು, ದುಡ್ಡು ಬೇಡುವಂಥದ್ದು ಕೂಡದು, ಜಗಳದ ವಿಷಯವಂತೂ ಬೇಡವೇ ಬೇಡ. 'ಪ್ರೀತಿಯಿಂದಿರಬೇಕು' ಎಂದು ಬರೆದರೆ ಒಪ್ಪುತ್ತಿರಲಿಲ್ಲ. ಕಣ್ಣಿಗೆ ಕಾಣುವಂಥದ್ದು ಬರೆಯಿರಿ ಎನ್ನುತ್ತಿದ್ದರು. ನಾನು ಬರೆದೆ: ಬೆಳಗ್ಗೆ ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬೇಕು. ಇವರು ಬರೆದರು: ಊಟಕ್ಕೆ ಹೆಸರು ಹಿಡಿದು ಅಲ್ಲದಿದ್ದರೂ ಬಾಯಿಬಿಟ್ಟು ಕರೆಯಬೇಕು, ತಟ್ಟೆಯಿಂದಲ್ಲ. ದಿನಕ್ಕೆ ಎರಡಾದರೂ ಮಾಡಿ ಗುರುತು ಹಾಕಬೇಕು. ಮೊದಮೊದಲು ನಾಟಕದ ಹಾಗಿತ್ತು. ಹದಿನೈದು ದಿನ ಕಳೆದ ಮೇಲೆ ಇವರು ಒಂದು ದಿನ ಹೇಳದೆ ಹೋದಾಗ ಬಾಗಿಲಿಂದ ವಾಪಸು ಬಂದು "ಹೋಗಿ ಬರ್ತೀನಿ" ಎಂದರು. ಅದು ನಾಟಕವಾಗಿರಲಿಲ್ಲ.

ಏಳು ತಿಂಗಳಲ್ಲಿ ಹದಿನಾಲ್ಕು ಸಲ ಹೋದೆವು. ನಮಗೆ ಫಲ ಸಿಕ್ಕಿತು. ಎಲ್ಲರಿಗೂ ಸಿಗುತ್ತದೆಯೇ? ಡಾಕ್ಟರಮ್ಮ ಮುಚ್ಚಿಡಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಸಿಯಾಟಲ್ ನಗರಗಳಲ್ಲಿ ಆಂಡ್ರೂ ಕ್ರಿಸ್ಟೆನ್ಸನ್, ನೀಲ್ ಜೇಕಬ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಕೆಟ್ಟು ಕೂತಿದ್ದ 134 ಜೋಡಿಗಳನ್ನು ತೆಗೆದುಕೊಂಡರಂತೆ. ಅರ್ಧದಷ್ಟು ಜನಕ್ಕೆ ನಡವಳಿಕೆ ತಿದ್ದುವ ಹಳೆಯ ಪದ್ಧತಿ, ಉಳಿದವರಿಗೆ ತಿದ್ದುವುದರ ಜೊತೆಗೆ ತಿದ್ದಲಾಗದ್ದನ್ನು ಒಪ್ಪಿಕೊಳ್ಳುವುದನ್ನೂ ಕಲಿಸುವ ಹೊಸ ಪದ್ಧತಿ. ಎರಡೂ ಇದೇ ಬಳಗದವು. ಹೆಚ್ಚೆಂದರೆ 26 ಭೇಟಿ. ಮುಗಿದಾಗ ಹಳೆಯದರಲ್ಲಿ ನೂರಕ್ಕೆ ಸುಮಾರು 60, ಹೊಸದರಲ್ಲಿ ಸುಮಾರು 70 ಜೋಡಿ ಸುಧಾರಿಸಿದ್ದವು. ಐದು ವರ್ಷ ಬಿಟ್ಟು ನೋಡಿದರೆ ಎರಡರಲ್ಲೂ ಹೆಚ್ಚುಕಡಿಮೆ ಅರ್ಧ ಜೋಡಿಗಳು ಬಂದಾಗಿನದಕ್ಕಿಂತ ಚೆನ್ನಾಗಿದ್ದವು, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜೋಡಿಗಳು ಬೇರೆಯಾಗಿದ್ದವು. ಈ ಐದು ವರ್ಷದ ಲೆಕ್ಕ 2010ರಲ್ಲಿ ಪ್ರಕಟವಾಯಿತು.

ಅರ್ಧ ಎಂದರೆ ಕಡಿಮೆಯೇ? ನನಗೆ ಹಾಗನ್ನಿಸುವುದಿಲ್ಲ. ಹುಳಿ ಬಂದು ಕೆಟ್ಟ ಹಿಟ್ಟಿನಲ್ಲಿ ಅರ್ಧ ಪಾತ್ರೆ ಉಳಿಸಿಕೊಳ್ಳಲು ಬಂದರೆ ಯಾವ ಗೃಹಿಣಿ ಬೇಡ ಎನ್ನುತ್ತಾಳೆ? ಆದರೆ ಅದು ಮಂತ್ರವಲ್ಲ ಎಂಬುದೂ ಅಷ್ಟೇ ನಿಜ. ಅದು ಅಮೆರಿಕದ ಲೆಕ್ಕ, ಅಲ್ಲಿ ಸಂಸಾರವೆಂದರೆ ಇಬ್ಬರು. ನಮ್ಮಲ್ಲಿ ಅತ್ತೆ, ಮೈದುನ, ಸಾಲ, ಅಣ್ಣನ ಮನೆಯ ಮಾತು ಎಲ್ಲ ಸೇರಿ ಸಂಸಾರ. ಮತ್ತೆ, ಇಬ್ಬರಲ್ಲಿ ಒಬ್ಬರು ಆಗಲೇ ಮನಸ್ಸಿನಲ್ಲಿ ಬಾಗಿಲು ಹಾಕಿಕೊಂಡಿದ್ದರೆ ನೋಟ್‌ಬುಕ್ಕು ಏನು ಮಾಡೀತು?

ಈಗ ಆ ಮುಖ್ಯವಾದ ಮಾತು. ಗಂಡ ಹೊಡೆಯುತ್ತಾನೆ, ಹೆದರಿಸುತ್ತಾನೆ ಎಂದಾದರೆ ಸೋದರಿ, ನಿಮ್ಮ ಯೋಚನೆಯನ್ನು ತಿದ್ದಿಕೊಳ್ಳಲು ಕೂರಬೇಡಿ. ಏಟಿಗೆ ಎರಡು ಅರ್ಥ ಇರುವುದಿಲ್ಲ. ಅಂಥ ಕಡೆ ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಮನಸ್ಸು ಬಿಚ್ಚಿ ಮಾತಾಡಿಸಿದರೆ, ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಏಟು ಬೀಳಬಹುದು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಮೊದಲು ನಿಮ್ಮ ಜೀವ, ಉಳಿದದ್ದು ಆಮೇಲೆ.

ಅಂಥ ಭಯವಿಲ್ಲದೆ, ನಮ್ಮ ಹಾಗೆ ಮಾತು ಸತ್ತ ಮನೆಯಾದರೆ ತಡಮಾಡದೆ ಹೋಗಿ. ಎಲ್ಲಿ ಹೋಗುವುದು ಎಂದು ಕೇಳುತ್ತೀರಾ? 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ ಇದೆ, ನಂಬರು 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಎಲ್ಲಿಗೆ ಹೋಗಬೇಕೆಂದು ಕೇಳಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಂಪತಿಗಳಿಗೂ ಕುಟುಂಬಗಳಿಗೂ ಚಿಕಿತ್ಸೆ ಕೊಡುವವರಿದ್ದಾರೆ. ಹೋದ ಕಡೆ ಮೊದಲೇ ಕೇಳಿ, ಅವರು ಇದರಲ್ಲಿ ತರಬೇತಿ ಪಡೆದವರೇ ಎಂದು. ಬರೀ 'ಹೊಂದಿಕೊಂಡು ಹೋಗಿ' ಎಂದು ಹೇಳಿ ಕಳಿಸುವವರಾದರೆ ಬೇರೆಯವರನ್ನು ನೋಡಿ.

ಇದೆಲ್ಲ ಮುಗಿದು ಒಂದು ವರ್ಷದ ಮೇಲಾಯಿತು. ನಮ್ಮವರು ಮಾತಿನ ಮಲ್ಲರೇನೂ ಆಗಿಲ್ಲ. ನನ್ನ ನಾಲಗೆಯೂ ಪೂರ್ತಿ ಮೆತ್ತಗಾಗಿಲ್ಲ. ಈಗಲೂ ಒಂದೊಂದು ಸಲ ಎರಡು ದಿನ ಮೌನ ಬರುತ್ತದೆ. ಆಗ ಇಬ್ಬರಲ್ಲೊಬ್ಬರು "ಸಾಕ್ಷಿ ಏನು?" ಎನ್ನುತ್ತೇವೆ, ಡಾಕ್ಟರಮ್ಮನ ದನಿಯಲ್ಲೇ. ಕೆಲವು ಸಲ ನಗು ಬರುತ್ತದೆ, ಕೆಲವು ಸಲ ಬರುವುದಿಲ್ಲ, ಆದರೆ ಮಾತಂತೂ ಶುರುವಾಗುತ್ತದೆ. 2024ರಲ್ಲಿ ಅಮ್ಮನ ಎರಡನೆಯ ವರ್ಷದ ಕಾರ್ಯಕ್ಕೆ ಇವರು ಅಂಗಡಿಗೆ ಬೀಗ ಹಾಕಿ ಬಂದು ಎರಡು ರಾತ್ರಿ ಇದ್ದರು. ಹೋದದ್ದು ಹೋಯಿತು, ಆ ಮೊದಲ ರಾತ್ರಿ ಮರಳಿ ಬರುವುದಿಲ್ಲ. ಆದರೂ ಜಗುಲಿಯಲ್ಲಿ ಇವರ ಚೀಲ ನೋಡಿ ನನಗೆ ಕಣ್ಣು ತುಂಬಿತು.

ಮಗಳು ಈಗ ರಜಕ್ಕೆ ಬರುತ್ತಾಳೆ. ಮದುವೆಯ ಮಾತು ಇನ್ನೂ ಎತ್ತಿಲ್ಲ, ನಾವೂ ಅವಸರ ಮಾಡುತ್ತಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಅವಳ ವಿಷಯವನ್ನೇ ಮಾತಾಡುತ್ತೇವೆ. ಗ್ಯಾಸ್ ಮುಗಿದರೆ ಅಂಗಡಿಗೆ ನಾನೇ ಫೋನ್ ಮಾಡುತ್ತೇನೆ.